ಸ್ನಾಯುಶಕ್ತಿಯ ಮರ್ಮವನ್ನರಿತ ಡಾ. ಯಲ್ಲಾಪ್ರಗಡ ಸುಬ್ಬರಾಯರು

ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಮೀಂಜದ ಯಾವ ತೋಟಕ್ಕೆ ಹೋದರೂ ಕಾಣುವ ದೃಶ್ಯವೊಂದುಂಟು. ಕಾಲಿಗೆ ತಳೆ ಹಾಕಿಕೊಂಡವನೊಬ್ಬನು ಬೋಳಾದ ಮರವನ್ನು ನೋಡನೋಡುತ್ತಿದ್ದಂತೆಯೇ ಏರಿ, ತುದಿಯನ್ನು ಮುಟ್ಟಿ, ಒಂದೆರಡು ನಿಮಿಷ ಮರವನ್ನಪ್ಪಿಕೊಂಡು ಸುಧಾರಿಸಿಕೊಳ್ಳುತ್ತಾನೆ. ಮತ್ತೆ ಮೊದಲಿನಂತೆಯೇ ಚುರುಕಾಗಿ ಕೆಲಸಕ್ಕೆ ತೊಡಗುತ್ತಾನೆ. ಏರುವಾಗ ಆತನ ತೋಳು ತೊಡೆಗಳಿಗೆ ಅಷ್ಟೊಂದು ಬಲ ತಟ್ಟನೆ ಎಲ್ಲಿಂದ ಒದಗಿತು? ಆ ಅಲ್ಪ ವಿಶ್ರಾಂತಿಯಲ್ಲಿ ಬತ್ತಿದ ಬಲವು ಮರಳಿ ತುಂಬಿಕೊಂಡದ್ದು ಹೇಗೆ? ಉಂಡ ಅನ್ನವೇ ಬಲವೆಂದು ನಮ್ಮ ಹಿರಿಯರು ತಿಳಿದಿದ್ದರು; ಅದು ಸತ್ಯವೂ ಹೌದು. ಆದರೆ ಅನ್ನವು ಯಾವ ರೂಪವನ್ನು ತಾಳಿ ಸ್ನಾಯುವಿನೊಳಗೆ ಕಾದು ಕುಳಿತಿರುತ್ತದೆಂಬುದು ಇಪ್ಪತ್ತನೆಯ ಶತಮಾನದ ಮೂರನೆಯ ದಶಕದವರೆಗೆ ಯಾರಿಗೂ ತಿಳಿದಿರಲಿಲ್ಲ. ಅದನ್ನು ಕಂಡುಹಿಡಿದ ಕೆಲವೇ ಮಂದಿಯಲ್ಲಿ ಒಬ್ಬರು, ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿದ್ದ ನಮ್ಮ ದಕ್ಷಿಣ ದೇಶದ ಹುಡುಗರು. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾಯರು.

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು, ಈಗಿನ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಗೆ ಸೇರಿದ ಭೀಮಾವರದಲ್ಲಿ ಜನಿಸಿದರು. ಅವರ ಮಾತೃಭಾಷೆ ತೆಲುಗು. ಆದರೂ ಅವರು ನಮಗೆ ತೀರ ಪರಕೀಯರಲ್ಲ. ಅಂದು ಗೋದಾವರಿಯ ದಡವೂ ನಮ್ಮ ಚಂದ್ರಗಿರಿಯ ದಡವೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು. 1956ನೆಯ ಇಸವಿ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವವರೆಗೂ ನಮ್ಮ ನಾಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ಭಾಗವಾಗಿ ಆ ಆಡಳಿತದಲ್ಲಿಯೇ ಇದ್ದಿತು. ನಮ್ಮ ಅಜ್ಜಂದಿರ ಕಾಲದಲ್ಲಿ ಮಂಗಳೂರಿನ ಕಾಲೇಜುಗಳಲ್ಲಿ ಓದಿದವರು ಬರೆದದ್ದೂ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳನ್ನೇ. ಸುಬ್ಬರಾಯರನ್ನು ತೂಗಿದ ತಕ್ಕಡಿಯೇ ನಮ್ಮ ಹಿರಿಯರನ್ನೂ ತೂಗಿದ್ದಿತೆಂದರೆ ತಪ್ಪಾಗಲಾರದು.

ತಂದೆ ಜಗನ್ನಾಥರು, ತಾಯಿ ವೆಂಕಮ್ಮನವರು. ಮನೆಯಲ್ಲಿ ಮಕ್ಕಳು ಹಲವರು, ಬಡತನವೂ ಬಹಳ. ಬಾಲಕನಿಗೆ ಲೆಕ್ಕದಲ್ಲಿ ಚುರುಕು ಬುದ್ಧಿ ಇದ್ದರೂ ಶಾಲೆಯ ಕಟ್ಟುಪಾಡಿನಲ್ಲಿ ಮನಸ್ಸು ನಿಲ್ಲಲಿಲ್ಲ. ಒಮ್ಮೆ ಹಣ ಗಳಿಸುವ ಹಂಬಲದಿಂದ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಜೀವಿಸುವೆನೆಂದು ಮನೆಯಿಂದ ಹೊರಟೇಹೋದನಂತೆ. ತಾಯಿ ಅವನನ್ನು ಹಿಂದಕ್ಕೆ ಕರೆಸಿ ಮತ್ತೆ ಶಾಲೆಯ ಬೆಂಚಿನ ಮೇಲೆ ಕುಳ್ಳಿರಿಸಿದರು. ತಂದೆ ತೀರಿಕೊಂಡ ಬಳಿಕ ಸಂಸಾರದ ಭಾರವೆಲ್ಲ ಆ ತಾಯಿಯ ಮೇಲೆ ಬಿದ್ದಿತು. ತಮ್ಮ ಒಡವೆಗಳನ್ನು ಮಾರಿಯಾದರೂ ಮಗನು ಓದಲೇಬೇಕೆಂದು ಅವರು ಹಟ ಹಿಡಿದರು. ಮಗನು ಮೆಟ್ರಿಕ್ಯುಲೇಶನ್ನಿನಲ್ಲಿ ಒಮ್ಮೆ ಸೋತನು, ಮತ್ತೊಮ್ಮೆಯೂ ಸೋತನು. ಕಡೆಗೆ ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನಲ್ಲಿ ಓದಿ ಮೂರನೆಯ ಸಲ ಗೆದ್ದನು. ವೆಂಕಮ್ಮನವರು ಎರಡನೆಯ ಸೋಲಿಗೇ ಕೈಚೆಲ್ಲಿದ್ದರೆ ಮುಂದಿನ ಕಥೆಯನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕಾಲೇಜಿನ ದಿನಗಳಲ್ಲಿ ಸುಬ್ಬರಾಯರ ಮನಸ್ಸು ರಾಮಕೃಷ್ಣ ಮಠದ ಕಡೆಗೆ ಒಲಿದು, ಸನ್ಯಾಸಿಯಾಗಬೇಕೆಂಬ ಬಯಕೆ ಬಲವಾಯಿತು. ತಾಯಿ ಒಪ್ಪಲಿಲ್ಲ. ರೋಗಿಗಳ ಸೇವೆಯೂ ದೇವರ ಸೇವೆಯೇ ಎಂದು ಮನಸ್ಸನ್ನು ಸಮಾಧಾನಪಡಿಸಿಕೊಂಡು ಅವರು ಮದರಾಸಿನ ಮೆಡಿಕಲ್ ಕಾಲೇಜನ್ನು ಸೇರಿದರು. 1919ರಲ್ಲಿ ಶೇಷಗಿರಿ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. ಅದು ಗಾಂಧೀಜಿಯವರ ಕರೆಯು ದೇಶವನ್ನೆಲ್ಲ ಎಚ್ಚರಿಸಿದ್ದ ಕಾಲ. ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ಅಂಗಿಯನ್ನೇ ತೊಟ್ಟು ಹೋದರು. ಶಸ್ತ್ರವೈದ್ಯವನ್ನು ಕಲಿಸುತ್ತಿದ್ದ ಆಂಗ್ಲ ಪ್ರಾಧ್ಯಾಪಕರಿಗೆ ಇದು ಸಹನೆಯಾಗಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿ ಉತ್ತರಿಸಿದ್ದರೂ ಅವರ ಕೈಗೆ ಬಂದುದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಎಂಬ ಪ್ರಮಾಣಪತ್ರ. ಸರಕಾರಿ ವೈದ್ಯವೃತ್ತಿಯ ಬಾಗಿಲು ಹೀಗೆ ಮುಚ್ಚಿಹೋಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲಿಯೇ ಬಿದ್ದಿತು. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಸಂಗ್ರಹಣಿ ರೋಗದಿಂದ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಉಂಡ ಆಹಾರವು ಮೈಗೆ ಹತ್ತದೆ, ನಾಲಗೆ ಹುಣ್ಣಾಗಿ, ರಕ್ತವು ತೆಳುವಾಗಿ, ಮನುಷ್ಯನು ದಿನೇ ದಿನೇ ಕ್ಷೀಣಿಸುವ ರೋಗವದು. ಆಗಿನ ಪಾಶ್ಚಾತ್ಯ ವೈದ್ಯದಲ್ಲಿ ಅದಕ್ಕೆ ಮದ್ದಿರಲಿಲ್ಲ. ಸುಬ್ಬರಾಯರಿಗೂ ಅದೇ ವ್ಯಾಧಿ ತಗುಲಿದಾಗ ಅವರನ್ನು ಬದುಕಿಸಿದವರು ಮದರಾಸಿನ ಆಯುರ್ವೇದ ಪಂಡಿತ ಡಾ. ಆಚಂಟ ಲಕ್ಷ್ಮೀಪತಿಗಳು. ಅವರ ಆಯುರ್ವೇದ ಕಾಲೇಜಿನಲ್ಲಿಯೇ ಸುಬ್ಬರಾಯರು ಶರೀರರಚನಾಶಾಸ್ತ್ರದ ಉಪಾಧ್ಯಾಯರಾದರು. ತನ್ನನ್ನು ಗುಣಪಡಿಸಿದ ಔಷಧವು ಹೇಗೆ ಗುಣಪಡಿಸಿತು, ಸಹೋದರರನ್ನು ಕೊಂದ ರೋಗಕ್ಕೆ ಕಾರಣವೇನು ಎಂಬ ಪ್ರಶ್ನೆಗಳು ಅವರನ್ನು ಬಿಡದೆ ಕಾಡಿದವು. ಉತ್ತರವನ್ನು ಹುಡುಕಲು ಹೊರದೇಶಕ್ಕೆ ಹೋಗಲೇಬೇಕೆಂದು ನಿಶ್ಚಯಿಸಿದರು. ಮಾವನವರ ನೆರವಿನಿಂದ ಹಡಗಿನ ವೆಚ್ಚ ಒದಗಿತು. ಮೂರು ವರ್ಷಗಳಲ್ಲಿ ಮರಳುವೆನೆಂದು ಪತ್ನಿಗೆ ಮಾತು ಕೊಟ್ಟು ಹೊರಟವರು 1922ರ ಅಕ್ಟೋಬರಿನಲ್ಲಿ ಅಮೇರಿಕದ ಬೋಸ್ಟನ್ ನಗರದಲ್ಲಿ ಇಳಿದರು.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣವಲಯ ವೈದ್ಯಶಾಲೆಯಲ್ಲಿ ಅವರಿಗೆ ಪ್ರವೇಶ ದೊರಕಿತು. ಹೊಟ್ಟೆಪಾಡಿಗೆ ಮಾತ್ರ ಯಾವ ಏರ್ಪಾಡೂ ಇರಲಿಲ್ಲ. ಮದರಾಸಿನ ಪ್ರಮಾಣಪತ್ರಕ್ಕೆ ಅಲ್ಲಿ ವೈದ್ಯವೃತ್ತಿಯ ಅನುಮತಿ ಸಿಗದು. ಆದುದರಿಂದ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಆಳಾಗಿ ಸೇರಿ, ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದು, ಹಗಲು ಪಾಠ ಕೇಳಿದರು. ಈ ನಡುವೆ ಊರಿನಲ್ಲಿ ಹುಟ್ಟಿದ ಗಂಡುಮಗುವು ವರ್ಷ ತುಂಬುವ ಮೊದಲೇ ತೀರಿಹೋದ ವಾರ್ತೆ ಬಂದಿತು. ಆ ಮಗುವಿನ ಮುಖವನ್ನು ತಂದೆ ಕಂಡೇ ಇರಲಿಲ್ಲ. 1924ರಲ್ಲಿ ಡಿಪ್ಲೊಮಾ ಪಡೆದು, ಅದೇ ವಿಶ್ವವಿದ್ಯಾನಿಲಯದಲ್ಲಿ ಸೈರಸ್ ಫಿಸ್ಕ್ ಎಂಬ ಜೀವರಸಾಯನ ವಿಜ್ಞಾನಿಯ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿಂದ ಅವರ ಜೀವನದ ದಾರಿಯೇ ಬೇರೆಯಾಯಿತು.

ಅಂದಿನ ಸ್ನಾಯುವಿಜ್ಞಾನದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಎ.ವಿ. ಹಿಲ್ಲರೂ ಜರ್ಮನಿಯ ಆಟೋ ಮೇಯರ್‌ಹಾಫರೂ ಸ್ನಾಯುವಿನ ಶಾಖವನ್ನೂ ರಸಾಯನವನ್ನೂ ಶೋಧಿಸಿ 1922ನೆಯ ವರ್ಷದ ನೊಬೆಲ್ ಪಾರಿತೋಷಕವನ್ನು ಪಡೆದಿದ್ದರು. ಸ್ನಾಯುವಿನಲ್ಲಿರುವ ಸಕ್ಕರೆಯ ದಾಸ್ತಾನು ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ, ಆ ಆಮ್ಲವೇ ಸ್ನಾಯುವನ್ನು ಕುಗ್ಗಿಸುತ್ತದೆ ಎಂಬುದು ಆಗ ಸರ್ವರೂ ಒಪ್ಪಿದ್ದ ಸಿದ್ಧಾಂತ. ಹಿಲ್ಲರು ಓಟಗಾರರ ಉಸಿರನ್ನು ಅಳೆದು, ದೇಹವು ಶ್ರಮದ ವೇಳೆಯಲ್ಲಿ ಪ್ರಾಣವಾಯುವಿನ ಸಾಲ ಮಾಡಿ ಅನಂತರ ಅದನ್ನು ತೀರಿಸುತ್ತದೆಂದೂ ತೋರಿಸಿದ್ದರು. ಇಂತಹ ಘನ ವಿದ್ವಾಂಸರು ಕಟ್ಟಿದ ಗೋಡೆಯಲ್ಲಿ ಬಿರುಕು ಇದ್ದೀತೆಂದು ಯಾರೂ ಶಂಕಿಸಿರಲಿಲ್ಲ.

ಫಿಸ್ಕರು ಸುಬ್ಬರಾಯರಿಗೆ ವಹಿಸಿದ ಕೆಲಸವು ಮೇಲ್ನೋಟಕ್ಕೆ ತೀರ ಸಣ್ಣದು: ರಕ್ತ ಮೂತ್ರಾದಿಗಳಲ್ಲಿರುವ ರಂಜಕದ, ಎಂದರೆ ಫಾಸ್ಫರಸ್ಸಿನ, ಪ್ರಮಾಣವನ್ನು ನಿಖರವಾಗಿ ಅಳೆಯುವ ಸುಲಭ ವಿಧಾನವೊಂದು ಬೇಕಾಗಿತ್ತು. ಸುಬ್ಬರಾಯರು ಹಗಲಿರುಳು ದುಡಿದು ಅಂತಹದೊಂದನ್ನು ಸಿದ್ಧಪಡಿಸಿದರು. ಪರೀಕ್ಷಿಸಬೇಕಾದ ದ್ರವಕ್ಕೆ ಮಾಲಿಬ್ಡೇಟ್ ಎಂಬ ಲವಣವನ್ನೂ ಇನ್ನೊಂದು ರಾಸಾಯನಿಕವನ್ನೂ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ನೀಲಿಯ ಬಣ್ಣ ಮೂಡುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಬಣ್ಣವನ್ನು ಹೋಲಿಸಿ ನೋಡಿದರೆ ಪ್ರಮಾಣ ತಿಳಿಯಿತು. 1925ರಲ್ಲಿ ಪ್ರಕಟವಾದ ಈ ವಿಧಾನವು ಫಿಸ್ಕ್–ಸುಬ್ಬರಾವ್ ವಿಧಾನವೆಂದೇ ಪ್ರಸಿದ್ಧವಾಗಿ, ಜೀವರಸಾಯನ ಕಲಿಯುವ ವಿದ್ಯಾರ್ಥಿಗಳಿಗೆ ಇಂದಿಗೂ ಪರಿಚಿತವಾಗಿದೆ. ಪರೀಕ್ಷೆಗಳ ಅಳತೆಯಲ್ಲಿ ಮತ್ತೆ ಮತ್ತೆ ಕಡಿಮೆ ಬಿದ್ದವರು ಜಗತ್ತಿಗೆ ಒಂದು ನಂಬುಗೆಯ ಅಳತೆಗೋಲನ್ನು ಕೊಟ್ಟರು.

ಆ ಅಳತೆಗೋಲನ್ನು ಸ್ನಾಯುವಿಗೆ ಹಿಡಿದಾಗ ವಿಚಿತ್ರವೊಂದು ಕಂಡಿತು. ಬೇರೆ ದ್ರವಗಳಲ್ಲಿ ಐದಾರು ನಿಮಿಷಗಳಲ್ಲಿ ಪೂರ್ಣಗೊಳ್ಳುತ್ತಿದ್ದ ನೀಲಿಬಣ್ಣವು ಸ್ನಾಯುವಿನ ರಸದಲ್ಲಿ ಮೆಲ್ಲಮೆಲ್ಲನೆ ಗಾಢವಾಗುತ್ತಲೇ ಹೋಯಿತು. ಬೇರೆ ಯಾರಾದರೂ ಇದನ್ನು ಪ್ರಯೋಗದ ದೋಷವೆಂದು ಬಿಟ್ಟುಬಿಡುತ್ತಿದ್ದರೇನೋ. ತಮ್ಮ ವಿಧಾನದಲ್ಲಿ ಪೂರ್ಣ ವಿಶ್ವಾಸವಿದ್ದುದರಿಂದ ಇವರು ಹಾಗೆ ಬಿಡಲಿಲ್ಲ. ಕ್ಷಣಕ್ಷಣಕ್ಕೂ ಒಡೆದು ರಂಜಕವನ್ನು ಬಿಟ್ಟುಕೊಡುವ ಅಸ್ಥಿರವಾದ ಪದಾರ್ಥವೊಂದು ಸ್ನಾಯುವಿನಲ್ಲಿ ಅಡಗಿರಬೇಕೆಂದು ತರ್ಕಿಸಿದರು. ಶೋಧಿಸಿ ಅದನ್ನು ಹಿಡಿದೂ ಬಿಟ್ಟರು. ಕ್ರಿಯೇಟಿನ್ ಎಂಬ ವಸ್ತುವಿನೊಡನೆ ಫಾಸ್ಫಾರಿಕ್ ಆಮ್ಲವು ಕೂಡಿ ಆದ ಸಂಯುಕ್ತವದು. ಅದಕ್ಕೆ ಫಾಸ್ಫೋಕ್ರಿಯೇಟಿನ್ ಎಂದು ಹೆಸರಾಯಿತು. ಕ್ರಿಯೇಟಿನ್ನನ್ನು 1832ರಷ್ಟು ಹಿಂದೆಯೇ ಫ್ರಾನ್ಸಿನ ಷೆವ್ರಲರು ಮಾಂಸರಸದಲ್ಲಿ ಕಂಡಿದ್ದರು. ಅದರ ಪ್ರಯೋಜನವೇನೆಂಬುದು ಮಾತ್ರ ಸುಮಾರು ಒಂದು ಶತಮಾನ ಕಾಲ ಒಗಟಾಗಿಯೇ ಉಳಿದಿದ್ದಿತು. ಬೆಕ್ಕಿನ ಸ್ನಾಯುವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ದುಡಿಸಿದಾಗ ಫಾಸ್ಫೋಕ್ರಿಯೇಟಿನ್ ಒಡೆದು ಕಡಿಮೆಯಾಗುತ್ತದೆ, ವಿಶ್ರಾಂತಿ ಕೊಟ್ಟಾಗ ಮತ್ತೆ ಕೂಡಿಕೊಳ್ಳುತ್ತದೆ ಎಂದು ಅವರು 1927ರಲ್ಲಿ ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಗಲ್ಟನ್ ದಂಪತಿಗಳೂ ಸ್ವತಂತ್ರವಾಗಿ ಈ ವಸ್ತುವಿನ ಸುಳಿವನ್ನು ಕಂಡಿದ್ದರು.

ಎರಡು ವರ್ಷಗಳ ತರುವಾಯ, 1929ರಲ್ಲಿ, ಅಡೆನೊಸಿನ್ ಟ್ರೈಫಾಸ್ಫೇಟ್ ಅಥವಾ ಎ.ಟಿ.ಪಿ. ಎಂಬ ಇನ್ನೂ ಮೂಲಭೂತವಾದ ವಸ್ತುವನ್ನು ಫಿಸ್ಕ್ ಮತ್ತು ಸುಬ್ಬರಾಯರು ಸ್ನಾಯುವಿನಿಂದ ಬೇರ್ಪಡಿಸಿದರು. ಜರ್ಮನಿಯಲ್ಲಿ ಕಾರ್ಲ್ ಲೋಮನ್ನರೂ ಅದೇ ವರ್ಷ ಅದನ್ನು ಕಂಡುಕೊಂಡಿದ್ದರು. 1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡರು, ಲ್ಯಾಕ್ಟಿಕ್ ಆಮ್ಲವು ಲೇಶವೂ ಹುಟ್ಟದಂತೆ ಮಾಡಿದ ಸ್ನಾಯುವೂ ಫಾಸ್ಫೋಕ್ರಿಯೇಟಿನ್ನನ್ನು ಬಳಸಿ ಕುಗ್ಗಬಲ್ಲುದೆಂದು ತೋರಿಸಿದಾಗ ಹಳೆಯ ಸಿದ್ಧಾಂತವು ಕುಸಿದುಬಿದ್ದಿತು. ಹಿಲ್ಲರು ದೊಡ್ಡ ಮನಸ್ಸಿನವರು. ಸ್ನಾಯುವಿಜ್ಞಾನದಲ್ಲಿ ಕ್ರಾಂತಿಯಾಯಿತೆಂದು 1932ರಲ್ಲಿ ತಾವೇ ಬರೆದು ಒಪ್ಪಿಕೊಂಡರು. ಎ.ಟಿ.ಪಿ.ಯು ಸ್ನಾಯುವಿನಲ್ಲಿ ಮಾತ್ರವಲ್ಲ, ಹುಲ್ಲಿನ ಎಸಳಿನಿಂದ ಆನೆಯವರೆಗೆ ಸಕಲ ಜೀವಕೋಶಗಳಲ್ಲಿಯೂ ಶಕ್ತಿಯ ಚಲಾವಣೆಯ ನಾಣ್ಯವೆಂಬುದು ಮುಂದೆ ಸಿದ್ಧವಾಯಿತು.

ಇದರ ಅರ್ಥವನ್ನು ನಮ್ಮೂರಿನ ನಿದರ್ಶನದಿಂದಲೇ ತಿಳಿಯಬಹುದು. ಎ.ಟಿ.ಪಿ.ಯು ಅಂಗಿಯ ಕಿಸೆಯಲ್ಲಿರುವ ಚಿಲ್ಲರೆಯಂತೆ. ತೀವ್ರ ಶ್ರಮದಲ್ಲಿ ಅದು ಎರಡು ಮೂರು ಸೆಕೆಂಡುಗಳಿಗಷ್ಟೇ ಸಾಕಾಗುವುದು. ಫಾಸ್ಫೋಕ್ರಿಯೇಟಿನ್ ಮನೆಯ ಪೆಟ್ಟಿಗೆಯಲ್ಲಿಟ್ಟ ಹಣದಂತೆ. ಕಿಸೆ ಬರಿದಾದೊಡನೆ ತುಂಬಿಕೊಟ್ಟು ಕೆಲಸವನ್ನು ಸುಮಾರು ಹತ್ತು ಸೆಕೆಂಡುಗಳವರೆಗೆ ಸಾಗಿಸುತ್ತದೆ. ಅಕ್ಕಿಯೂ ಸಕ್ಕರೆಯೂ ಕೊಬ್ಬೂ ಬೇಂಕಿನ ಠೇವಣಿಯಿದ್ದಂತೆ. ಮೊತ್ತ ದೊಡ್ಡದಾದರೂ ಕೈಗೆ ಬರಲು ಹೊತ್ತು ಬೇಕು. ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಓಡುವವನು ಓಟದ ಮೊದಲರ್ಧದಲ್ಲಿ ಬಹುಮಟ್ಟಿಗೆ ಪೆಟ್ಟಿಗೆಯ ಹಣವನ್ನೇ ಖರ್ಚುಮಾಡುತ್ತಾನೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದ ಸುದ್ದಿಯು ದೇಶವನ್ನೆಲ್ಲ ಬೆರಗುಗೊಳಿಸಿತು. ಅಂತಹ ಓಟದ ಗುಟ್ಟಿನ ಒಂದಂಶವು ಈ ಸಂಯುಕ್ತದಲ್ಲಿದೆ. ಮರದ ತುದಿಯಲ್ಲಿ ಸುಧಾರಿಸಿಕೊಳ್ಳುವವನ ತೊಡೆಯಲ್ಲಿ ವ್ಯಯವಾದ ಫಾಸ್ಫೋಕ್ರಿಯೇಟಿನ್ನಿನ ಅರ್ಧದಷ್ಟು ಸುಮಾರು ಅರ್ಧ ನಿಮಿಷದಲ್ಲಿಯೂ, ಬಹುಭಾಗವು ಮೂರು ನಾಲ್ಕು ನಿಮಿಷಗಳಲ್ಲಿಯೂ ಮರಳಿ ತುಂಬುತ್ತದೆ. ಇರುಳೆಲ್ಲ ಕುಣಿಯುವ ಯಕ್ಷಗಾನದ ವೇಷಧಾರಿಯಾದರೋ ಧೀಂಗಿಣದ ಸುತ್ತುಗಳಿಗೆ ಪೆಟ್ಟಿಗೆಯನ್ನು ತೆರೆದು, ಅರ್ಥಗಾರಿಕೆಯ ವೇಳೆಯಲ್ಲಿ ಅದನ್ನು ಮತ್ತೆ ತುಂಬಿಸಿಕೊಳ್ಳುತ್ತಾನೆ. ಬೆಕ್ಕಿನ ಸ್ನಾಯುವಿನಲ್ಲಿ ಕಂಡ ಈ ಸತ್ಯವನ್ನು ಸ್ವೀಡನ್ನಿನ ಎರಿಕ್ ಹುಲ್ಟ್‌ಮನ್ನರೂ ಅವರ ಸಂಗಡಿಗರೂ 1967ರಲ್ಲಿ ದುಡಿಯುವ ಮನುಷ್ಯನ ತೊಡೆಯಿಂದ ಸೂಜಿಯ ಮೂಲಕ ಚೂರು ಸ್ನಾಯುವನ್ನು ತೆಗೆದು ಅಳೆದು ದೃಢಪಡಿಸಿದರು. ಇಂದಿನ ಕ್ರೀಡಾ ತರಬೇತಿಯ ಬಹುಭಾಗವು ಈ ತಳಹದಿಯ ಮೇಲೆಯೇ ನಿಂತಿದೆ.

ಇಷ್ಟೆಲ್ಲ ಸಾಧಿಸಿ 1930ರಲ್ಲಿ ಡಾಕ್ಟರೇಟ್ ಪಡೆದರೂ ಹಾರ್ವರ್ಡಿನಲ್ಲಿ ಸುಬ್ಬರಾಯರಿಗೆ ಸ್ಥಿರವಾದ ಪ್ರಾಧ್ಯಾಪಕ ಪದವಿ ದೊರಕಲಿಲ್ಲ. ಪ್ರಬಂಧಗಳಲ್ಲಿ ಫಿಸ್ಕರ ಹೆಸರು ಮೊದಲು, ಇವರ ಹೆಸರು ಅನಂತರ. ಇವರೂ ತಮ್ಮ ಪಾಲನ್ನು ಎತ್ತಿ ಹೇಳಿಕೊಂಡವರಲ್ಲ. ಅದೇ ಪ್ರಯೋಗಶಾಲೆಯಲ್ಲಿ ಕಲಿತು ಮುಂದೆ 1988ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಜಾರ್ಜ್ ಹಿಚಿಂಗ್ಸರು, ಸುಬ್ಬರಾಯರು ಬೇರ್ಪಡಿಸಿದ ಕೆಲವು ವಸ್ತುಗಳು ಫಿಸ್ಕರ ಅಸೂಯೆಯಿಂದಾಗಿ ಬೆಳಕಿಗೆ ಬಾರದೆ, ಬೇರೆಯವರು ವರ್ಷಗಳ ಬಳಿಕ ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತೆಂದು ಹೇಳಿದ್ದಾರೆ. ನಿಜವಾಗಿ ನಡೆದುದೇನೇ ಇರಲಿ, ತಾನು ಬಿತ್ತಿದ ಹೊಲದ ಬೆಳೆಯಲ್ಲಿ ಪೂರ್ಣ ಪಾಲು ಈ ರೈತನಿಗೆ ದಕ್ಕಲಿಲ್ಲ. ಅವರು ಕಹಿಯನ್ನು ನುಂಗಿಕೊಂಡು, 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಬೇಗನೆ ಅಲ್ಲಿಯ ಸಂಶೋಧನಾ ವಿಭಾಗದ ನಿರ್ದೇಶಕರಾದರು.

ಸಹೋದರರನ್ನು ಕೊಂದ ರೋಗದ ಪ್ರಶ್ನೆಯನ್ನು ಅವರು ಮರೆತಿರಲಿಲ್ಲ. ಅವರ ನೇತೃತ್ವದಲ್ಲಿ ಲೆಡರ್ಲೆಯ ವಿಜ್ಞಾನಿಗಳು 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸುವುದರಲ್ಲಿ ಯಶಸ್ವಿಯಾದರು. ಸ್ಪ್ರೂ ರೋಗಿಗಳ ತೆಳುವಾದ ರಕ್ತವನ್ನು ಪುಷ್ಟಿಗೊಳಿಸುವ ಔಷಧ ಅದೇ ಆಯಿತು. ಇಬ್ಬರು ಸಹೋದರರ ಚಿತೆಯ ಬಳಿ ಹುಟ್ಟಿದ ಪ್ರಶ್ನೆಗೆ ಎರಡು ದಶಕಗಳಿಗೂ ಮಿಕ್ಕಿದ ತಪಸ್ಸಿನ ಬಳಿಕ ಉತ್ತರ ದೊರಕಿತು. ಇಂದು ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಗುಳಿಗೆಯಲ್ಲಿ ಕೂಡಿರುವುದು ಈ ಫೋಲಿಕ್ ಆಮ್ಲವೇ.

ಅದರಿಂದಲೇ ಇನ್ನೊಂದು ಶಾಖೆ ಒಡೆಯಿತು. ಫೋಲಿಕ್ ಆಮ್ಲವನ್ನು ಹೋಲುತ್ತಿದ್ದರೂ ಅದರ ಕೆಲಸವನ್ನು ತಡೆಯುವ ಔಷಧಗಳನ್ನು ಸುಬ್ಬರಾಯರ ತಂಡವು ತಯಾರಿಸಿತು. ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರರು 1947ರ ಕೊನೆಯಲ್ಲಿ ಅಂತಹ ಅಮಿನಾಪ್ಟರಿನ್ ಎಂಬ ಔಷಧವನ್ನು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟಾಗ ಕೆಲವರಲ್ಲಿ ರೋಗವು ಕೆಲಕಾಲ ಹಿಮ್ಮೆಟ್ಟಿತು. ಮಕ್ಕಳ ರಕ್ತಕ್ಯಾನ್ಸರಿಗೆ ಔಷಧವುಂಟೆಂಬ ಮೊದಲ ಆಸೆ ಹುಟ್ಟಿದುದು ಆಗಲೇ. ಅದೇ ವರ್ಗದ ಮೆಥೊಟ್ರೆಕ್ಸೇಟ್ ಎಂಬುದು ಇಂದು ಕ್ಯಾನ್ಸರಿಗಲ್ಲದೆ ಸಂಧಿವಾತಕ್ಕೂ ಬಳಕೆಯಲ್ಲಿದೆ.

ಕರಾವಳಿಯವರಾದ ನಾವು ವಿಶೇಷವಾಗಿ ನೆನೆಯಬೇಕಾದುದು ಇನ್ನೊಂದುಂಟು. ಸೊಳ್ಳೆಯಿಂದ ಹರಡುವ ಆನೆಕಾಲು ರೋಗದ ಕ್ಲೇಶವನ್ನು ನಮ್ಮ ಹಿಂದಿನ ತಲೆಮಾರಿನವರು ಕಣ್ಣಾರೆ ಕಂಡವರು. ಆ ರೋಗದ ಹುಳುಗಳನ್ನು ಕೊಲ್ಲುವ ಡೈಈಥೈಲ್ ಕಾರ್ಬಮಜಿನ್ ಎಂಬ ಗುಳಿಗೆಯು 1947ರಲ್ಲಿ ಹೆಟ್ರಜಾನ್ ಎಂಬ ಹೆಸರಿನಿಂದ ಹೊರಬಂದುದು ಸುಬ್ಬರಾಯರ ಪ್ರಯೋಗಶಾಲೆಯಿಂದಲೇ. ಭಾರತದಲ್ಲಿ 2004ರಿಂದ ರೋಗವಿರುವ ಜಿಲ್ಲೆಗಳಲ್ಲಿ ವ್ಯಾಪಕವಾಗಿ ಹಂಚಿದ ಗುಳಿಗೆಯೂ ಅದೇ. ಮುಂದಿನ ವರ್ಷ, 1948ರಲ್ಲಿ, ಟೆಟ್ರಾಸೈಕ್ಲಿನ್ ವರ್ಗದ ಮೊದಲನೆಯದಾದ ಆರಿಯೊಮೈಸಿನ್ ಬೆಳಕು ಕಂಡಿತು. ಅದನ್ನು ಮಣ್ಣಿನ ಸೂಕ್ಷ್ಮಜೀವಿಯಿಂದ ಕಂಡುಹಿಡಿದವರು ವೃದ್ಧ ವಿಜ್ಞಾನಿ ಬೆಂಜಮಿನ್ ಡಗ್ಗರರು. ಅವರಿಗೆ ಆಶ್ರಯವಿತ್ತು ಹುರಿದುಂಬಿಸಿದವರು ಸುಬ್ಬರಾಯರು.

ಆ ಔಷಧದ ಕೀರ್ತಿಯು ಹಬ್ಬುತ್ತಿದ್ದಂತೆಯೇ, 1948ರ ಆಗಸ್ಟ್ ತಿಂಗಳಿನಲ್ಲಿ ಒಂದು ರಾತ್ರಿ ಮಲಗಿದ ಸುಬ್ಬರಾಯರು ಮರಳಿ ಏಳಲಿಲ್ಲ. ಹೃದಯಾಘಾತವೆಂದು ವೈದ್ಯರು ಹೇಳಿದರು. ಅವರಿಗೆ ಆಗ ಐವತ್ತಮೂರು ವರ್ಷ. ಇಪ್ಪತ್ತೈದು ವರ್ಷಗಳಿಗೂ ಮೀರಿ ಅಮೇರಿಕದಲ್ಲಿದ್ದರೂ ಅವರು ಆ ದೇಶದ ಪೌರತ್ವವನ್ನು ಪಡೆದಿರಲಿಲ್ಲ. ಸ್ವದೇಶಕ್ಕೆ ಮರಳಲೂ ಇಲ್ಲ. ಮೂರು ವರ್ಷವೆಂದು ಕೇಳಿ ಬೀಳ್ಕೊಟ್ಟ ಪತ್ನಿ ಶೇಷಗಿರಿಯಮ್ಮನವರು ಅವರನ್ನು ಮತ್ತೆ ನೋಡಲಿಲ್ಲ. ಲೋಕದ ಲಕ್ಷಾಂತರ ಮನೆಗಳಲ್ಲಿ ದೀಪ ಉರಿಯುವುದಕ್ಕೆ ಈ ಒಂದು ಮನೆಯ ದೀಪವು ಎಣ್ಣೆಯಾಯಿತು. ಸುಬ್ಬರಾಯರ ಗುಣಗಾನ ಮಾಡುವಾಗ ಆ ಸಾಧ್ವಿಯ ತ್ಯಾಗವನ್ನು ಮರೆಯುವುದು ನ್ಯಾಯವಲ್ಲ. ಆಕೆಯ ದುಃಖಕ್ಕೆ ಅವರು ಹೊಣೆಯಲ್ಲವೆಂದೂ ಹೇಳಲಾಗದು.

1995ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷ, ಭಾರತ ಸರಕಾರವು ಅವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆದರೂ ಅವರ ಹೆಸರನ್ನು ಅರಿತವರು ಕಡಿಮೆ, ಅವರಿಂದ ಉಪಕೃತರಾದವರು ಅಸಂಖ್ಯರು. ಗಡಿನಾಡಿನಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಂದಿರಿಗೆ ಪ್ರತಿ ವರ್ಷ ಫಲಿತಾಂಶದ ದಿನ ಎದೆ ನಡುಗುವುದುಂಟು. ಅಂಕ ಕಡಿಮೆಯಾದ ಹುಡುಗನು ಮೂಲೆ ಸೇರುತ್ತಾನೆ. ಅವನ ಭವಿಷ್ಯ ಮುಗಿಯಿತೆಂದು ನೆರೆಕರೆಯವರು ತೀರ್ಮಾನಿಸುತ್ತಾರೆ. ಅಂತಹ ಮನೆಗಳಲ್ಲಿ ವೆಂಕಮ್ಮನವರ ಹೆಸರನ್ನೂ ಅವರ ಮಗನ ಹೆಸರನ್ನೂ ಒಮ್ಮೆ ಹೇಳಬೇಕು. ಪರೀಕ್ಷೆಯು ಒಂದು ಅಳತೆ ಮಾತ್ರ, ಅಳತೆಗೋಲಿನಲ್ಲಿಯೂ ದೋಷವಿರಬಹುದು. ಮಗುವನ್ನು ಮೂರನೆಯ ಸಲ ಬೆಂಚಿನ ಮೇಲೆ ಕುಳ್ಳಿರಿಸುವ ಧೈರ್ಯವು ಹಿರಿಯರಲ್ಲಿ ಉಳಿದಿರುವವರೆಗೆ ಯಾವ ಸೋಲೂ ಕೊನೆಯದಲ್ಲ. ಮುಂದಿನ ಕೊಯ್ಲಿನಲ್ಲಿ ಮರದ ತುದಿಯಲ್ಲಿ ದಣಿವಾರಿಸಿಕೊಳ್ಳುವವನನ್ನು ಕಂಡಾಗ, ಆ ದಣಿವು ಆರುವ ಬಗೆಯನ್ನು ನಮಗೆ ತಿಳಿಸಿಕೊಟ್ಟ ಈ ಮಹನೀಯರನ್ನು ನಮ್ಮ ಮಕ್ಕಳಿಗೆ ಪರಿಚಯಿಸೋಣ.